ಘಟ್ಟ ಹತ್ತಿದ ಚೋಮನ ಮಕ್ಕಳು

ಶಿವರಾಮ ಕಾರಂತರ ‘ಚೋಮನ ದುಡಿ’ ಅಚ್ಚಾಗಿ ಬಂದದ್ದು 1933ರಲ್ಲಿ. ಅದು ದಕ್ಷಿಣ ಕನ್ನಡದ ಕಥೆ, ಘಟ್ಟದ ಕೆಳಗಿನ ಕಥೆ ಎಂದೇ ಎಲ್ಲರ ಲೆಕ್ಕ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಾದ ನಮಗೆ ಮಾತ್ರ ಆ ಪುಸ್ತಕ ದೂರದ್ದಾಗಿ ಕಾಣಲೇ ಇಲ್ಲ. ಹಳೆಯ ಸಾಲ ತೀರಿಸುವುದಕ್ಕೆಂದು ಚನಿಯ, ಗುರುವ ಗುಡಿಸಲು ಬಿಟ್ಟು ಹೊರಡುತ್ತಾರಲ್ಲ, ಅವರ ಹಿಂದೆ ಬೆಳ್ಳಿಯೂ ಹೊರಡುತ್ತಾಳಲ್ಲ, ಅವರೆಲ್ಲ ಹೋದದ್ದು ಘಟ್ಟದ ಕಾಫಿ ತೋಟಕ್ಕೆ. ಓದುವ ಉಳಿದವರಿಗೆ ಅವರು ಹೊರಟು ಹೋದ ಮಕ್ಕಳು. ನಮಗೆ ಅವರು ಬಂದು ಸೇರಿದ ಮಕ್ಕಳು. ನಮ್ಮ ತೋಟಗಳ ಲೈನು ಮನೆಗಳಲ್ಲಿ ತುಳು ಮಾತಾಡುತ್ತಿದ್ದವರು, ನಮ್ಮ ಜೊತೆ ಒಂದೇ ಶಾಲೆಗೆ ಬರುತ್ತಿದ್ದವರು, ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಎಲ್ಲರೂ ಆ ಪುಸ್ತಕದ ಒಂದೊಂದು ಹಾಳೆಯಿಂದ ಎದ್ದು ಬಂದವರೇ ಎಂದು ನಮಗೆ ಅನ್ನಿಸಿತ್ತು. ಅದಕ್ಕೇ ಇರಬೇಕು, ಎಂಬತ್ತರ ದಶಕದ ಆರಂಭದಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಆ ಒಂದು ಪುಸ್ತಕದ ಸುತ್ತ ಅಷ್ಟೊಂದು ಮಾತು, ಅಷ್ಟೊಂದು ಜಗಳ, ಅಷ್ಟೊಂದು ಕಣ್ಣೀರು ಹರಿಯಿತು.

ಪ್ರತಿ ಇದ್ದದ್ದು ಒಂದೇ. ಎನ್.ಆರ್. ಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ನಮ್ಮ ಭಾವ ಶಿವಮೊಗ್ಗದಿಂದ ಕೊಂಡು ತಂದದ್ದು. ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿ, ಒಳಗೆ ಪೆನ್ಸಿಲ್ಲಿನಲ್ಲಿ ಓದಿದವರ ಹೆಸರು ಬರೆಯಬೇಕೆಂಬ ನೇಮ ಇಟ್ಟಿದ್ದರು. ಊರಿಂದ ಊರಿಗೆ ಅದು ಹೋಗುತ್ತಿದ್ದದ್ದು ಶಂಕರ್ ಕಂಪನಿ ಬಸ್ಸಿನಲ್ಲಿ, ಕಂಡಕ್ಟರ ಚರ್ಮದ ಚೀಲದೊಳಗೆ. ಆಗಿನ ಬಸ್ಸಿನವರು ಔಷಧಿ ತರುತ್ತಿದ್ದರು, ಬೀಗರ ಮನೆಗೆ ಹಲಸಿನ ಹಪ್ಪಳ ತಲುಪಿಸುತ್ತಿದ್ದರು, ಯಾರದೋ ಮನೆಯಲ್ಲಿ ಹೆರಿಗೆಯಾದ ಸುದ್ದಿಯನ್ನು ದಾರಿಯುದ್ದಕ್ಕೂ ಹೇಳಿಕೊಂಡು ಹೋಗುತ್ತಿದ್ದರು. ಪುಸ್ತಕ ಅವರಿಗೆ ಭಾರವೇ ಅಲ್ಲ. ಆ ಕಂಪನಿ ನಿಂತ ಮೇಲೆ ಅದೇ ನೌಕರರು ಕೈಬಿಡದೆ ಒಟ್ಟಾಗಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು, ಸುಮಾರು ಮೂರು ದಶಕ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದರು. ಅವರ ಸಂಗತಿ ಬಂದಾಗಲೆಲ್ಲ ನನಗೆ ಕ್ಯಾಲೆಂಡರ್ ರಟ್ಟಿನ ಆ ಪುಸ್ತಕವೇ ನೆನಪಾಗುತ್ತದೆ. ಕಂಡಕ್ಟರೂ ಅದನ್ನು ಓದಿದ್ದರು. ಹರಿಹರಪುರದ ಹತ್ತಿರ ಬಸ್ಸು ನಿಲ್ಲಿಸಿ, ಕಿಟಕಿಯಿಂದ ಪುಸ್ತಕ ಕೊಡುತ್ತಾ, “ಎತ್ತು ಬಿಟ್ಟು ಓಡಿಸ್ತಾನಲ್ಲ ಕೊನೇಲಿ, ಅಲ್ಲಿ ನನಗೆ ತಡೀಲಿಕ್ಕೆ ಆಗಲಿಲ್ಲ ಮಾರಾಯ್ರೆ” ಅಂದಿದ್ದರು. ಕೊನೆ ಏನೆಂದು ಅವರೇ ಹೇಳಿಬಿಟ್ಟರಲ್ಲ ಎಂದು ನಾನು ಅವತ್ತು ಸಿಟ್ಟಾಗಿದ್ದೆ.

ನಮ್ಮ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದಾಯಿತು. ಅಡಿಕೆ ಸುಲಿಯುವ ಕಾಲ. ದೀಪಾವಳಿ ಕಳೆದ ಮೇಲೆ ಶುರುವಾದರೆ ಸಂಕ್ರಾಂತಿ ದಾಟುವ ತನಕ ಮನೆಯ ಅಂಗಳಕ್ಕೆ ನಿದ್ದೆ ಇಲ್ಲ. ಹಗಲು ಕೊನೆ ಕೊಯ್ದು ಹೊತ್ತು ಹಾಕಿದರೆ ಸಂಜೆಯಿಂದ ಚಪ್ಪರದ ಕೆಳಗೆ ಸಾಲಾಗಿ ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದರು. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ, ಇನ್ನೊಂದು ಕಡೆ ಗ್ಯಾಸ್‌ಲೈಟಿನ ಸುಂಯ್ ಸದ್ದು. ಡಬ್ಬಕ್ಕಿಷ್ಟು ಎಂದು ಕೂಲಿ. ಕೈಗೆ ಕೆಲಸವಿದ್ದರೂ ಕಿವಿ ಖಾಲಿ. ಹಾಗಾಗಿ ಯಾರಾದರೂ ಕಥೆ ಹೇಳಲೇಬೇಕು. ಅಲ್ಲಿಯವರೆಗೆ ತಾಳಮದ್ದಳೆಯ ಪ್ರಸಂಗ, ದೆವ್ವದ ಕಥೆ, ಹುಲಿಯ ಕಥೆ ನಡೆಯುತ್ತಿದ್ದವು. ಆ ವರ್ಷ ದೊಡ್ಡಪ್ಪ, “ಪುರದಿಂದ ಭಾವ ಕಳಿಸಿದ ಪುಸ್ತಕ ಓದು ನೋಡುವ” ಅಂದರು. ನಾನಾಗ ಹೈಸ್ಕೂಲು.

ಕೂರುವ ಸಾಲಿನಲ್ಲೂ ಕ್ರಮವಿತ್ತು. ಮನೆಯವರು, ನೆಂಟರು ಜಗಲಿಯ ಹತ್ತಿರ. ಒಕ್ಕಲು ಮನೆಯವರು ನಡುವೆ. ಲೈನಿನ ದಲಿತ ಮನೆಗಳವರು ಚಪ್ಪರದ ಅಂಚಿನಲ್ಲಿ, ಗ್ಯಾಸ್‌ಲೈಟಿನ ಬೆಳಕು ಸಣ್ಣಗಾಗುವಲ್ಲಿ. ಅವರ ಚಹಾದ ಲೋಟಗಳು ಕೊಟ್ಟಿಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದವು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಮಕ್ಕಳಿಗೂ ನಡೆಯಲು ಬರುವ ಹೊತ್ತಿಗೇ ಗೊತ್ತಿರುತ್ತಿತ್ತು. ನನ್ನ ಪ್ರೀತಿಯ ಗೆಳತಿ ಆ ಅಂಚಿನಲ್ಲಿ ಅವಳ ಅಜ್ಜಿಯ ಪಕ್ಕ ಕೂರುತ್ತಿದ್ದಳು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಚಪ್ಪರದಲ್ಲಿ ಅವಳಿಗೂ ನನಗೂ ನಡುವೆ ಅಷ್ಟು ಜನ. ಕಥೆಯಲ್ಲಿ ತುಳುವಿನ ಮಾತು ಬಂದಾಗ ನಾನು ತಡವರಿಸಿದರೆ ಅಲ್ಲಿಂದಲೇ ಕೂಗಿ ತಿದ್ದುತ್ತಿದ್ದಳು. ನಾಲ್ಕು ಜನ ನಗುತ್ತಿದ್ದರು. ನನಗೆ ಆ ನಗು ಇಷ್ಟವಾಗಿತ್ತು, ಯಾಕೆಂದರೆ ಅವಳು ಅಷ್ಟು ದೊಡ್ಡ ದನಿಯಲ್ಲಿ ನಮ್ಮ ಅಂಗಳದಲ್ಲಿ ಬೇರೆ ಯಾವ ಹೊತ್ತಿನಲ್ಲೂ ಮಾತಾಡುತ್ತಿರಲಿಲ್ಲ.

ಚೋಮನಿಗೆ ಬೇಕಾದದ್ದು ಸಣ್ಣದು. ಕಾಡಿನಲ್ಲಿ ಸಿಕ್ಕ ಎತ್ತಿನ ಜೋಡಿಯೊಂದನ್ನು ಸಾಕಿದ್ದಾನೆ. ಗೇಣಿಗೆ ತುಂಡು ಗದ್ದೆ ಸಿಕ್ಕಿದರೆ ತಾನೂ ಉಳಬಹುದು. ಅವನ ಜಾತಿಯವರು ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಬಹುದು, ತಾವೇ ಬೇಸಾಯ ಮಾಡುವ ಹಾಗಿಲ್ಲ. ಎದೆಯಲ್ಲಿ ತುಂಬಿದ್ದನ್ನೆಲ್ಲ ರಾತ್ರಿ ದುಡಿ ಬಡಿದು ಹೊರಹಾಕುತ್ತಾನೆ. ನಾನು ಮೊದಲ ಸಲ ದುಡಿಯ ವರ್ಣನೆ ಓದಿದಾಗ ಗೆಳತಿಯ ಅಜ್ಜಿ ಕತ್ತಿ ಕೆಳಗಿಟ್ಟು, ಖಾಲಿ ಡಬ್ಬವನ್ನು ಮಡಿಲಿಗೆ ಎಳೆದುಕೊಂಡು, ಎರಡು ಬೆರಳಿನಲ್ಲಿ ನಿಧಾನವಾಗಿ ತಟ್ಟಿ ತೋರಿಸಿದರು. ಆಮೇಲೆ ಆ ಡಬ್ಬ ಅವರ ಪಕ್ಕದಲ್ಲೇ ಇರುತ್ತಿತ್ತು. ಚೋಮ ದುಡಿ ಎತ್ತಿಕೊಂಡಾಗಲೆಲ್ಲ ಅವರೂ ತಟ್ಟುತ್ತಿದ್ದರು. ಓದು ನಿಲ್ಲಿಸಿ ನಾವೆಲ್ಲ ಕೇಳುತ್ತಿದ್ದೆವು.

ಆ ಅಜ್ಜಿ ಮಾಳದ ಘಾಟಿ ಹತ್ತಿ ಕೆರೆಕಟ್ಟೆ ದಾಟಿ ಬಂದವರು. ಬಂದಾಗ ಹತ್ತು ವರ್ಷವೋ ಹನ್ನೊಂದೋ. ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಮೇಸ್ತ್ರಿಯೊಬ್ಬ ಅವರ ಅಪ್ಪನಿಗೆ ಮುಂಗಡ ಕೊಟ್ಟಿದ್ದ. ಮಳೆಗಾಲ ಮುಗಿದ ಮೇಲೆ ತಲೆ ಮೇಲೆ ಮಡಕೆ, ಚಾಪೆ ಹೊತ್ತು ನಡೆದು ಬಂದು, ಕಾಫಿ ಹಣ್ಣು ಕೊಯ್ದು, ಮಳೆ ಬೀಳುವ ಮುಂಚೆ ಇಳಿದು ಹೋಗುವುದು ಎಂಬ ಮಾತಿನ ಮೇಲೆ. ಅವರ ಮನೆಯವರಿಗೆ ಇಳಿಯಲು ಆಗಲೇ ಇಲ್ಲ. ಅಕ್ಕಿ, ಕಂಬಳಿ, ಔಷಧಿ ಎಲ್ಲವೂ ಲೆಕ್ಕದ ಪುಸ್ತಕಕ್ಕೆ ಏರಿ ಮುಂಗಡ ಬೆಳೆಯಿತು. ಅಣ್ಣನಿಗೆ ಜ್ವರ ಬಂತು. ಆಗಿನ ಮಲೆನಾಡಿನ ಜ್ವರವೆಂದರೆ ಮಲೇರಿಯಾ. ಮಕ್ಕಳ ಹೊಟ್ಟೆಯಲ್ಲಿ ಜ್ವರಗೆಡ್ಡೆ ಊದಿಕೊಳ್ಳುತ್ತಿತ್ತು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಶುರುವಾಗಿ ಮನೆಮನೆಗೆ ಡಿಡಿಟಿ ಹೊಡೆಯುವ ಕಾಲ ಬರುವ ಹೊತ್ತಿಗೆ ಎಷ್ಟೋ ಲೈನುಗಳು ಬರಿದಾಗಿದ್ದವು. ಕಾದಂಬರಿಯಲ್ಲಿ ಚನಿಯ ಕಾಯಿಲೆಯಿಂದ ಸಾಯುವ ಭಾಗ ಬಂದ ರಾತ್ರಿ ಅಜ್ಜಿ ಅಳಲಿಲ್ಲ. ಓದು ಮುಗಿದ ಮೇಲೆ, “ಅದನ್ನು ಬರ್ದೋರು ನಮ್ಮ ಅಣ್ಣನ್ನ ನೋಡಿದ್ರೇನೋ ಅಮ್ಮ” ಎಂದು ಕೇಳಿದರು. ಎಪ್ಪತ್ತರ ಹತ್ತಿರದವರು ಹೈಸ್ಕೂಲು ಹುಡುಗಿಯನ್ನು ಅಮ್ಮ ಎನ್ನುತ್ತಿದ್ದರು. ಕಾರಂತರು ಅವರ ಅಣ್ಣನನ್ನು ನೋಡಿರಲಿಲ್ಲ. ಆದರೆ ಅಂಥ ಎಷ್ಟು ಅಣ್ಣಂದಿರನ್ನು ನೋಡಿದ್ದರೆಂಬುದಕ್ಕೆ ಆ ಅಜ್ಜಿಯ ಪ್ರಶ್ನೆಗಿಂತ ದೊಡ್ಡ ಸಾಕ್ಷಿ ಬೇಕೆಂದು ನನಗೆ ಅನ್ನಿಸುವುದಿಲ್ಲ. ಆ ಕಾದಂಬರಿಯ ಬಗ್ಗೆ ದೊಡ್ಡ ದೊಡ್ಡವರು ಬರೆದ ವಿಮರ್ಶೆಗಳನ್ನು ಆಮೇಲೆ ಓದಿದ್ದೇನೆ. ಆ ಒಂದು ವಾಕ್ಯದ ಹತ್ತಿರ ಯಾವುದೂ ಬರಲಿಲ್ಲ.

ನೀಲ ಮುಳುಗುವ ರಾತ್ರಿಯನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಚೋಮನ ಸಣ್ಣ ಮಗ ನೀರಿಗಿಳಿದು ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಹುಡುಗ ಅಸ್ಪೃಶ್ಯ, ಮುಟ್ಟಿದರೆ ಮೈಲಿಗೆ. ಎತ್ತಲು ಹೊರಟ ತರುಣನನ್ನೂ ಉಳಿದವರು ತಡೆಯುತ್ತಾರೆ. ನಾನು ಆ ಭಾಗ ಓದಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ, ದೊಡ್ಡಪ್ಪನ ತೊಡೆಗೆ ಒರಗಿ ಮಲಗಿದ್ದ ಚಿಕ್ಕ ತಮ್ಮ, ಇನ್ನೂ ಶಾಲೆಗೆ ಸೇರದವನು, ಎದ್ದು ಕೂತ. ಚಪ್ಪರದ ಅಂಚಿಗೆ ಕೈ ತೋರಿಸಿ, ಗೆಳತಿಯ ತಮ್ಮನ ಹೆಸರು ಹೇಳಿ, “ಅವನು ನಮ್ಮ ಹೊಳೇಲಿ ಬಿದ್ರೆ ನಾವೂ ಎತ್ತಲ್ವಾ?” ಎಂದು ಕೇಳಿದ. ಇಬ್ಬರೂ ದಿನವಿಡೀ ಅದೇ ಹೊಳೆಯಲ್ಲಿ ಏಡಿ ಹಿಡಿಯುತ್ತಿದ್ದ ಜೊತೆಗಾರರು.

“ಎತ್ತದೆ ಏನು? ಎತ್ತುತ್ತೇವೆ” ಎಂದು ದೊಡ್ಡಪ್ಪ ತಕ್ಷಣ ಹೇಳಿದರು. ಮನಸಾರೆ ಹೇಳಿದರು. ಅವರು ಈಜು ಬಲ್ಲವರು, ಹಿಂದೆ ತುಂಗೆಯಲ್ಲಿ ಮುಳುಗುತ್ತಿದ್ದವರನ್ನು ಎಳೆದು ತಂದವರು.

ಅಂಚಿನಿಂದ ಅಜ್ಜಿ ತಲೆ ಎತ್ತದೆ, ಸುಲಿಯುವ ಕೈ ನಿಲ್ಲಿಸದೆ ಕೇಳಿದರು: “ಎತ್ತಿ ಆದ ಮೇಲೆ ಮೀಯಬೇಕಾ ಅಯ್ಯ?”

ದೊಡ್ಡಪ್ಪ ಉತ್ತರ ಕೊಡಲಿಲ್ಲ. ನನಗೆ ಮುಂದಿನ ಪುಟ ತಿರುಗಿಸಲು ಹೇಳಿದರು. ಆ ರಾತ್ರಿಯಿಂದಲೇ ಸೂರಿನ ಲೋಟಗಳು ಒಳಗೆ ಬಂದವು ಎಂದು ಬರೆಯಲು ನನಗೆ ಆಸೆ ಇದೆ. ಬರಲಿಲ್ಲ. ಬರುವುದಕ್ಕೆ ಕೆಲವು ವರ್ಷ ಹಿಡಿಯಿತು. ದೊಡ್ಡಮ್ಮನ ಮಡಿ, ನೆಂಟರ ಬಾಯಿ, ಹಬ್ಬ ಹರಿದಿನ ಎಲ್ಲವನ್ನೂ ದಾಟಬೇಕಿತ್ತು. ಆದರೆ ಆ ಪ್ರಶ್ನೆ ಮನೆಯೊಳಗೆ ಬಂದು ಕೂತಿತು. ದೊಡ್ಡಪ್ಪ ಬೇರೆ ಯಾವುದೋ ಮಾತಿನ ಮಧ್ಯೆ, ಯಾವುದೋ ವರ್ಷ, ತಮಗೆ ತಾವೇ ಅದನ್ನು ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ.

ಶೃಂಗೇರಿಯ ಸೋದರತ್ತೆ ಓದಿದ್ದು ಬೇರೆ ರೀತಿ. ತುಂಗೆಯ ಹತ್ತಿರದ ಬೀದಿಯಲ್ಲಿ ಅವರ ಮನೆ. ಮದುವೆಯಾಗಿ ಬಂದಂದಿನಿಂದ ಅತ್ತೆಯ ಕೈಕೆಳಗೆ ಮಡಿಯಲ್ಲಿ ಬಾಳಿದವರು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿಂದಿನ ಜಗಲಿಯಲ್ಲಿ ಕೂತು ಓದಿದರಂತೆ. ಅವರ ಗಮನ ಚೋಮನ ಮೇಲಲ್ಲ, ಸಂಕಪ್ಪಯ್ಯನ ತಾಯಿಯ ಮೇಲೆ ನಿಂತಿತು. ಸಂಕಪ್ಪಯ್ಯ ಒಡೆಯ, ಚೋಮನಿಗೆ ಗದ್ದೆ ಕೊಟ್ಟರೆ ತಪ್ಪೇನು ಎಂದು ಅವನ ಮನಸ್ಸು ಸಣ್ಣಗೆ ಆಡುತ್ತದೆ. ತಾಯಿ ಒಪ್ಪುವುದಿಲ್ಲ. ಮಗ ಹಿಂದೆ ಸರಿಯುತ್ತಾನೆ. ಅದನ್ನು ಓದಿದ ಎಲ್ಲರೂ ಆ ಮುದುಕಿಯನ್ನು ಬೈದರು. ಅತ್ತೆ ಬೈಯಲಿಲ್ಲ. ಮುಂದಿನ ರಜೆಗೆ ನಾನು ಹೋದಾಗ ನನಗೆ ಹೇಳಿದ್ದು ಇಷ್ಟು: “ಆ ಹೆಂಗಸಿಗೆ ಜೀವಮಾನದಲ್ಲಿ ಯಾರಾದರೂ ಒಂದು ಮಾತು ಕೇಳಿದ್ರೇನೆ? ಕೇಳಿದ್ದು ಅದೊಂದೇ. ಅದಕ್ಕೆ ಅವಳು ಬೇಡ ಅಂದಳು. ಸಂಕಪ್ಪಯ್ಯನಿಗೆ ಬೇಡ ಅನ್ನಿಸಿಕೊಳ್ಳೋದೇ ಬೇಕಿತ್ತು, ಅದಕ್ಕೇ ಕೇಳಿದ.” ನನಗೆ ಆಗ ಅದು ಅರ್ಧ ಅರ್ಥವಾಯಿತು. ಈಗ ಯೋಚಿಸಿದರೆ, ಇಡೀ ಬಳಗದಲ್ಲಿ ಸಂಕಪ್ಪಯ್ಯನನ್ನು ಅಷ್ಟು ಸರಿಯಾಗಿ ಹಿಡಿದವರು ಇನ್ನೊಬ್ಬರಿರಲಿಲ್ಲ. ಒಳ್ಳೆಯವನು, ಮೃದು ಮಾತಿನವನು, ಆಗದ ಕೆಲಸಕ್ಕೆಲ್ಲ ಅಮ್ಮನ ಹೆಸರು ಮುಂದೆ ಮಾಡುವವನು. ಅಂಥವರು ನಮ್ಮ ಸುತ್ತ ಮನೆಗೊಬ್ಬರಿದ್ದರು.

ಎನ್.ಆರ್. ಪುರದ ಭಾವನ ಜಗಲಿಯಲ್ಲಿ ಭಾನುವಾರದ ಬೈಠಕ್ಕುಗಳು ನಡೆಯುತ್ತಿದ್ದವು. ಆ ಊರಿನ ಹಳೆಯ ಹೆಸರು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದು ಹೋದ ನೆನಪಿಗೆ ಹೆಸರು ಬದಲಾಯಿತು. ನಮಗೆ ಮಾತಿನಲ್ಲಿ ಅದು ಬರಿಯ ಪುರ. ಭದ್ರಾ ಅಣೆಕಟ್ಟಿನ ಹಿನ್ನೀರು ಊರಿನ ಹತ್ತಿರದವರೆಗೂ ಬರುತ್ತದೆ. ಕೇರಳದಿಂದ ಬಂದು ನೆಲೆ ನಿಂತ ಕ್ರಿಶ್ಚಿಯನ್ ಕುಟುಂಬಗಳು ಆ ಕಡೆ ಬಹಳ. ಅಂಥ ಒಂದು ಮನೆಯ ಇಂಗ್ಲಿಷ್ ಮೇಷ್ಟ್ರು ಭಾವನ ಗೆಳೆಯರು. ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತು, ನಮಗಿಂತ ಶುದ್ಧವಾಗಿ ಮಾತಾಡುತ್ತಿದ್ದರು. ‘ಚೋಮನ ದುಡಿ’ ಅವರಿಗೆ ನೋವು ಕೊಟ್ಟಿತ್ತು. ತೋಟದ ರೈಟರು ಮನ್ವೇಲ, ತೋಟದ ಒಡೆಯ, ಬೆಳ್ಳಿಯನ್ನು ಕೆಡಿಸುವವರಿಬ್ಬರೂ ಕ್ರಿಶ್ಚಿಯನ್ನರು. “ಕಾರಂತರು ನಮ್ಮವರನ್ನು ಹೀಗೆ ಕಂಡರೇ” ಎಂದು ಮೊದಲ ಭಾನುವಾರ ಅವರು ಗಂಭೀರವಾಗಿ ಕೂತರು. ಯಾರೋ ಸಮಾಧಾನ ಹೇಳಲು ಹೊರಟರೆ ಅವರೇ ತಡೆದು, ಇನ್ನೊಂದು ಸಂಗತಿ ಎತ್ತಿದರು. ಗುರುವ ಕ್ರಿಶ್ಚಿಯನ್ ಹುಡುಗಿಯ ಜೊತೆ ಹೋಗಿ ಮತಾಂತರವಾದ ಮೇಲೆ ಕಾದಂಬರಿ ಅವನನ್ನು ಕೈಬಿಡುತ್ತದೆ. ಅವನು ಸುಖವಾಗಿದ್ದನೋ ಇಲ್ಲವೋ ನಮಗೆ ಬೇಡವೇ? ಚೋಮನೂ ಕೊನೆಗೆ ಭೂಮಿ ಸಿಗುವುದಾದರೆ ಮತ ಬಿಡಲೂ ತಯಾರಾಗಿ ಹೊರಟು, ತನ್ನ ದೈವದ ನೆನಪಿಗೆ ಸೋತು ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಅದನ್ನು ಕೆಲವರು ಚೋಮನ ಗಟ್ಟಿತನ ಎಂದರು. ಮೇಷ್ಟ್ರು, “ಅವನನ್ನು ಹೊರಗಿಟ್ಟ ಊರಿನ ದೈವವೇ ಅವನನ್ನು ಹಿಡಿದೂ ಇಟ್ಟುಕೊಂಡಿತಲ್ಲ, ಅದು ನನಗೆ ಅತ್ಯಂತ ದುಃಖದ ಜಾಗ” ಎಂದರು. ಗೆಳತಿ ಆ ದಿನ ನನ್ನ ಜೊತೆ ಬಂದಿದ್ದಳು. ದೈವ ಊರಿನದಲ್ಲ, ಚೋಮನದೇ, ಅದೊಂದಾದರೂ ಅವನದು ಎಂದು ಇರಲಿ ಎಂದು ಅವಳು ವಾದಿಸಿದಳು. ಇಬ್ಬರೂ ಸೋಲಲಿಲ್ಲ. ಅಕ್ಕ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕಾಫಿ ಕೊಟ್ಟಳು. ಅದನ್ನು ನಾನು ನೋಡಿದೆ, ಗೆಳತಿಯೂ ನೋಡಿದಳು.

ಭೂಮಿಯ ಮಾತು ಬಂದಾಗ ದೊಡ್ಡಪ್ಪನಿಗೆ ಚೋಮ ಸ್ವಂತದವನಾಗುತ್ತಿದ್ದ. ನಮ್ಮದು ತಲೆಮಾರುಗಳಿಂದ ಗೇಣಿ ಮನೆ. 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆಯ ತಿದ್ದುಪಡಿ ತಂದು, ಉಳುವವನೇ ಹೊಲದೊಡೆಯ ಎಂದಾಗ, ದೊಡ್ಡಪ್ಪ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ಅಲೆದು, ತೋಟ ತಮ್ಮ ಹೆಸರಿಗೆ ಮಾಡಿಸಿಕೊಂಡವರು. “ಚೋಮ ನಲವತ್ತು ವರ್ಷ ಮುಂಚೆ ಹುಟ್ಟಿಬಿಟ್ಟ. ಈಗಾಗಿದ್ರೆ ಅವನೂ ಒಂದು ಡಿಕ್ಲರೇಷನ್ ಕೊಡ್ತಿದ್ದ” ಎಂದು ಚಪ್ಪರದಲ್ಲಿ ಹೆಮ್ಮೆಯಿಂದ ಹೇಳಿದರು. ಕೊಪ್ಪದ ಕಡೆಯ ಎಷ್ಟೋ ಗೇಣಿದಾರರು ಆ ಕಾದಂಬರಿಯನ್ನು ಓದಿದ್ದು ಹೀಗೇ, ಗೆದ್ದ ಹೋರಾಟದ ಹಿಂದಿನ ಕಥೆಯಾಗಿ. ಆದರೆ ಚೋಮ ಗೇಣಿದಾರನಾಗಿರಲಿಲ್ಲ. ಗೇಣಿದಾರನಾಗುವುದೇ ಅವನ ಕನಸಾಗಿತ್ತು. 1974ರ ಕಾನೂನು ಗೇಣಿ ಮಾಡುತ್ತಿದ್ದವನಿಗೆ ಭೂಮಿ ಕೊಟ್ಟಿತು. ಗೇಣಿ ಮಾಡಲೂ ಬಿಡದೆ ಕೂಲಿಯಲ್ಲೇ ಇರಿಸಿದವನಿಗೆ ಡಿಕ್ಲರೇಷನ್ ತುಂಬಲು ಯಾವ ಗದ್ದೆಯ ನಂಬರೂ ಇರಲಿಲ್ಲ. ಕಾಫಿ ತೋಟಗಳಂತೂ ಭೂಮಿತಿಯಿಂದಲೇ ಹೊರಗಿದ್ದವು. ಅಜ್ಜಿ ಇದನ್ನು ಕಾನೂನು ಓದದೆ ಹೇಳಿದರು. “ನಮಗೂ ಒಂದು ಫಾರಂ ಇತ್ತಾ ಅಯ್ಯ?” ಎಂದು ಕೇಳಿದರು. ಜೀತ ಪದ್ಧತಿ ರದ್ದಾದ ಕಾನೂನು 1976ರಲ್ಲಿ ಬಂದಿತ್ತು. ಮುಂಗಡದ ಸಾಲ ಮನ್ನಾ ಎಂದು ಅದು ಹೇಳಿತು. ಇರುವ ಜಾಗ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು. ಚೋಮ ಈಗ ಇದ್ದಿದ್ದರೆ ಎನ್ನುವ ಮಾತು ನಮ್ಮ ಬಳಗದಲ್ಲಿ ಆಮೇಲೂ ಬರುತ್ತಿತ್ತು, ಆದರೆ ದೊಡ್ಡಪ್ಪನ ಬಾಯಿಂದ ಮತ್ತೆ ಬರಲಿಲ್ಲ.

ಕೊಪ್ಪದ ಗೆಳೆಯರಲ್ಲಿ ಇನ್ನೊಂದು ಪಕ್ಷವಿತ್ತು. ಕುವೆಂಪು ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು, ತಾಯಿಯ ತವರಿನಲ್ಲಿ. ಮನೆಯಲ್ಲೇ ‘ಮಲೆಗಳಲ್ಲಿ ಮದುಮಗಳು’ ಇರುವಾಗ ಕರಾವಳಿಯ ಪುಸ್ತಕಕ್ಕೆ ಇಷ್ಟು ಜೋತು ಬೀಳುವುದೇಕೆ ಎಂದು ಅವರ ತಕರಾರು. 1967ರ ಆ ದೊಡ್ಡ ಕಾದಂಬರಿಯ ಗುತ್ತಿಯನ್ನು ಅವರು ಚೋಮನ ಎದುರು ನಿಲ್ಲಿಸುತ್ತಿದ್ದರು. ಗುತ್ತಿಯೂ ಹೊಲಗೇರಿಯವನು. ಆದರೆ ಅವನು ನಾಯಿ ಹುಲಿಯನ ಜೊತೆ ಕಾಡು ಅಲೆಯುತ್ತಾನೆ, ಪ್ರೀತಿಸಿದ ತಿಮ್ಮಿಯನ್ನು ಹಾರಿಸಿಕೊಂಡು ಬರುತ್ತಾನೆ, ಒಡೆಯರ ಕಣ್ಣಿಗೆ ಮಣ್ಣೆರಚುತ್ತಾನೆ, ನಗುತ್ತಾನೆ. ಚೋಮನಿಗೆ ಕಾರಂತರು ನಗುವನ್ನೇ ಕೊಡಲಿಲ್ಲ ಎನ್ನುವುದು ಅವರ ದೂರು. ನನಗೆ ಈ ಹೋಲಿಕೆ ಆಗಲೂ ಒಪ್ಪಿಗೆಯಾಗಲಿಲ್ಲ. ಗುತ್ತಿಯ ಲೋಕದಲ್ಲಿ ಕಾಡು ಇದೆ, ಓಡಿಹೋಗಲು ದಾರಿ ಇದೆ. ಚೋಮನ ಆಸೆ ನೆಲಕ್ಕೆ ಕಟ್ಟಿಕೊಂಡದ್ದು, ಅವನು ಓಡಲಾರ. ಗೆಳತಿಗೆ ಮಾತ್ರ ಗುತ್ತಿ ಪ್ರಾಣ. ಹುಲಿಯ ತುಂಗೆಯ ಪ್ರವಾಹದಲ್ಲಿ ಹೋಗುವ ಭಾಗ ಓದಿ ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ.

ಇಂಗ್ಲಿಷ್ ಮೇಷ್ಟ್ರು ಒಂದು ಮಳೆಗಾಲದಲ್ಲಿ ಅಮೆರಿಕದ ಕಥೆಯೊಂದನ್ನು ಭಾನುವಾರ ಭಾನುವಾರ ಕನ್ನಡದಲ್ಲಿ ಹೇಳಿ ಮುಗಿಸಿದರು. ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. 1960ರ ಪುಸ್ತಕ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದದ್ದು. ಕಥೆ ನಡೆಯುವುದು ಅಲಬಾಮಾದಲ್ಲಿ, 1933ರ ಬೇಸಿಗೆಯಿಂದ ಮುಂದಕ್ಕೆ. ಕಾರಂತರ ಪುಸ್ತಕ ಹೊರಬಂದ ಅದೇ ವರ್ಷ ಎಂದು ಭಾವ ಜಗಲಿಯಲ್ಲಿ ಕೈ ತಟ್ಟಿದ್ದು ನೆನಪಿದೆ. ಟಾಮ್ ರಾಬಿನ್ಸನ್ ಎಂಬ ಕಪ್ಪು ಜನಾಂಗದವನ ಮೇಲೆ ಸುಳ್ಳು ಆಪಾದನೆ. ಅವನ ಪರ ವಾದಿಸುವ ವಕೀಲ ಆಟಿಕಸ್ ಫಿಂಚ್ ಬಿಳಿಯ. ವಕೀಲನ ಮಗಳು ಸ್ಕೌಟ್, ಮಗ ಜೆಮ್, ಕೋರ್ಟಿನ ಮಾಳಿಗೆಯಲ್ಲಿ ಕಪ್ಪು ಜನರ ನಡುವೆ ಕೂತು ಆ ವಿಚಾರಣೆ ನೋಡುತ್ತಾರೆ. ಬಿಳಿಯರೇ ತುಂಬಿದ ಜ್ಯೂರಿ ಟಾಮ್ ತಪ್ಪಿತಸ್ಥ ಎನ್ನುತ್ತದೆ. ಜೈಲಿನಿಂದ ತಪ್ಪಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾಗುತ್ತಾನೆ.

ಜಗಲಿಯಲ್ಲಿ ಎಲ್ಲರಿಗೂ ಆಟಿಕಸ್ ಹಿಡಿಸಿಬಿಟ್ಟ. ನಮ್ಮ ಸಂಕಪ್ಪಯ್ಯ ಆಟಿಕಸ್ ಆಗಿದ್ದರೆ ಎಂಬ ಕನಸಿನಲ್ಲಿ ಇಡೀ ಒಂದು ಭಾನುವಾರ ಹೋಯಿತು. ನನಗೆ ಸ್ಕೌಟ್ ಹಿಡಿಸಿದಳು. ದೊಡ್ಡವರ ಅನ್ಯಾಯವನ್ನು ಕಣ್ಣು ಮಿಟುಕಿಸದೆ ನೋಡಿ, ಏಕೆ ಎಂದು ಕೇಳುವ ಹುಡುಗಿ. ನಮ್ಮ ಚಪ್ಪರದಲ್ಲಿ ಎದ್ದು ಕೂತ ಚಿಕ್ಕ ತಮ್ಮನೇ ಅವಳು ಎಂದೆ. ಗೆಳತಿ ತುಂಬ ಹೊತ್ತು ಸುಮ್ಮನಿದ್ದು, ಆಮೇಲೆ ಮೇಷ್ಟ್ರನ್ನು ಕೇಳಿದಳು: “ಸಾರ್, ಟಾಮ್‌ಗೆ ಮಕ್ಕಳಿದ್ರಾ?” ಇದ್ದರು, ಮೂವರು. “ಅವರು ಒಂದು ಮಾತಾದ್ರೂ ಆಡ್ತಾರಾ?”

ಮೇಷ್ಟ್ರು ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಇಲ್ಲವೆನ್ನುವಷ್ಟು ಕಡಿಮೆ ಎಂದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಮಕ್ಕಳ ಬಗ್ಗೆ ನನಗೆ ಹೊಳೆದೇ ಇರಲಿಲ್ಲ ಎಂದರು. ಅವತ್ತು ನನಗೆ ಕಾರಂತರು ಎಷ್ಟು ದೊಡ್ಡ ಕೆಲಸ ಮಾಡಿದ್ದರೆಂದು ಮೊದಲ ಸಲ ಕಂಡಿತು. ಒಡೆಯರ ಮನೆಯ ಮಗುವಿನ ಕಣ್ಣಿನಿಂದ ಅನ್ಯಾಯವನ್ನು ನೋಡುವುದು ಒಂದು ದಾರಿ. ಅವರು ಅದನ್ನು ಬಿಟ್ಟು, 1933ರಲ್ಲೇ, ನೇರ ಚೋಮನ ಗುಡಿಸಲೊಳಗೆ ಹೋಗಿ ಕೂತರು. ಚನಿಯ, ಗುರುವ, ಬೆಳ್ಳಿ, ಕಾಳ, ನೀಲ.

ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾವನ್ನು ನಾನು ಶಿವಮೊಗ್ಗದಲ್ಲಿ ಓದುವಾಗ ನೋಡಿದೆ. ಅದಕ್ಕೆ ಸ್ವರ್ಣಕಮಲ ಬಂದಿತ್ತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ. ಬೆಳ್ಳಿಯಾಗಿ ಪದ್ಮಾ ಕುಮಟಾ. ಕೊನೆಯ ದುಡಿಯ ಸದ್ದು ಕೇಳುವಾಗ ನನ್ನ ಕಿವಿಯಲ್ಲಿ ಇದ್ದದ್ದು ಅಡಿಕೆ ಡಬ್ಬದ ಸದ್ದು. ಅಜ್ಜಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಗೆಳತಿ ಟಿ.ಸಿ.ಎಚ್. ಮಾಡಿ ಮೇಡಂ ಆದಳು. ಪುರ ತಾಲ್ಲೂಕಿನ ಬೇರೆ ಬೇರೆ ಊರುಗಳಲ್ಲಿ ಪಾಠ ಮಾಡಿ ಈಗ ನಿವೃತ್ತಿ. ಸೂರಿನ ಲೋಟ, ಮಡಿಯ ದೊಡ್ಡಮ್ಮ, ಜಗಲಿಯ ಭಾವ, ಇಂಗ್ಲಿಷ್ ಮೇಷ್ಟ್ರು ಯಾರೂ ಈಗಿಲ್ಲ. ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಮಧ್ಯಾಹ್ನ ಶುರುಮಾಡಿದರೆ ಕತ್ತಲಾಗುವ ಮುಂಚೆ ಮುಗಿದುಹೋಗುತ್ತದೆ. ತೋಟದ ಲೈನುಗಳಲ್ಲಿ ಈಗ ಅಸ್ಸಾಮಿನಿಂದ ಬಂದವರು ಇದ್ದಾರೆ. ಕೊನೆಯ ವರ್ಷಗಳಲ್ಲಿ ಅವರ ಮಕ್ಕಳು ಅವಳ ತರಗತಿಯಲ್ಲಿದ್ದರು. ಅವರಿಗೆ ಕನ್ನಡ ಕಲಿಸುತ್ತಾ ಅವಳೂ ಅವರ ಮಾತು ಕಲಿತಳು. ಎಷ್ಟು ದೂರದಿಂದ ಬಂದಿರಿ, ಯಾರು ಕರೆತಂದರು, ಎಷ್ಟು ಮುಂಗಡ ಎಂದು ತಂದೆತಾಯಿಯರನ್ನು ಕೂರಿಸಿ ಕೇಳುತ್ತಿದ್ದಳಂತೆ. ಅಜ್ಜಿಯನ್ನು ಯಾರೂ ಹಾಗೆ ಕೇಳಿರಲಿಲ್ಲ ನೋಡು ಎಂದಳು.

ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಅದು ಬೆಳ್ಳಿಯ ಬಗ್ಗೆ. ತೋಟಕ್ಕೆ ಹೋದ ಬೆಳ್ಳಿಯ ದೇಹದ ಬೆಲೆಗೆ ಅಪ್ಪನ ಸಾಲ ತೀರುತ್ತದೆ. ಕೊನೆಯಲ್ಲಿ ಮನ್ವೇಲನ ಜೊತೆ ಅವಳನ್ನು ಕಂಡ ಚೋಮ ಒಡೆದುಹೋಗುತ್ತಾನೆ. ನೇಗಿಲು ಸುಡುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ದುಡಿ ಬಡಿಯುತ್ತಾ ಸಾಯುತ್ತಾನೆ. ಚೋಮನ ಕಥೆಗೆ ಅದಕ್ಕಿಂತ ಸತ್ಯವಾದ ಮುಕ್ತಾಯವಿಲ್ಲ ಎಂದು ನಾನು ಹೇಳುತ್ತೇನೆ. ಹೌದು, ಆದರೆ ಬೆಳ್ಳಿ? ಎಂದು ಅವಳು. ಮನೆಗೆಲ್ಲ ಅಡುಗೆ ಮಾಡಿದವಳು, ತಮ್ಮಂದಿರನ್ನು ಸಾಕಿದವಳು, ಸಾಲ ತೀರಿಸಿದವಳು, ಮರುದಿನ ಬೆಳಿಗ್ಗೆ ಎಲ್ಲಿಗೆ ಹೋದಳು? ನಮ್ಮ ಲೈನಿನಲ್ಲಿ ಬೆಳ್ಳಿಯಂಥವರು ಸಾಯಲಿಲ್ಲ ಮಾರಾಯ್ತಿ, ಬದುಕಿದರು, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿದರು ಎನ್ನುತ್ತಾಳೆ. ಕಾದಂಬರಿಯ ಹೆಸರೇ ಚೋಮನದು, ಕಾರಂತರಿಂದ ಎಲ್ಲವನ್ನೂ ಕೇಳಬಾರದು ಎಂದು ನಾನು. ಕೇಳುತ್ತೇನೆ, ಅಷ್ಟು ಕೊಟ್ಟವರನ್ನು ಇನ್ನಷ್ಟು ಕೇಳದೆ ಯಾರನ್ನು ಕೇಳಲಿ ಎಂದು ಅವಳು.

ಹಾಗಾದರೆ ನೀನೇ ಬರಿ ಎಂದು ಕಳೆದ ಮಳೆಗಾಲದಲ್ಲಿ ಫೋನಿನಲ್ಲಿ ಅಂದೆ. ಆಗಲೇ ಶುರುಮಾಡಿದ್ದಾಳಂತೆ. ಇನ್ನೂರು ಪುಟದ ನೋಟ್‌ಬುಕ್ಕು ಅರ್ಧ ಆಗಿದೆ. ಕೊಪ್ಪಕ್ಕೆ ತಾ, ನಮ್ಮ ಅಂಗಳದಲ್ಲಿ ಕೂತು ಓದುವ, ಈ ಸಲ ಓದುವುದು ನಿನ್ನ ಸರದಿ, ತುಳು ತಪ್ಪಿದರೆ ತಿದ್ದಲು ಯಾರೂ ಬೇಡ ಎಂದರೆ ಒಪ್ಪುತ್ತಿಲ್ಲ. ಅಜ್ಜಿ ಮಾಳದ ಘಾಟಿ ಹತ್ತುವ ಭಾಗ ಮೂರು ಸಲ ಬರೆದರೂ ಸರಿಯಾಗಿಲ್ಲವಂತೆ. ಅದು ಆಗುವವರೆಗೆ ನನಗೂ ತೋರಿಸುವುದಿಲ್ಲವಂತೆ.